ತೂತು ಮಾಡಿದ ಬೀಡಿ ಎಲೆ

ಆಗ ನನಗೆ ಐವತ್ತೆಂಟು. ಅದಾಗಿ ಈಗ ಹನ್ನೆರಡು ವರ್ಷ ಆಯಿತು. ನಿಪ್ಪಾಣಿಯಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಿದ್ದೆ. ಬೀಡಿಯ ಬಾಯಿ ಸರಿಯಾಗಿ ಮಡಚಿಲ್ಲವೆಂದು ಕಾರ್ಖಾನೆಯವರು ನನ್ನ ಬೀಡಿಗಳನ್ನು ಆರಿಸಿ ಒಗೆಯತೊಡಗಿದ್ದರು. ಮಡಚುವುದು ಮರೆತಿರಲಿಲ್ಲ. ಕಾಣುತ್ತಿರಲಿಲ್ಲ.

ನಮ್ಮವ್ವನಿಗೂ ಹೀಗೇ ಮೊದಲಾಗಿತ್ತು. ಕಡೆಗೆ ತಾಟಿನಲ್ಲಿ ರೊಟ್ಟಿ ಎಲ್ಲಿದೆಯೆಂದು ಕೈಯಾಡಿಸಿ ಹುಡುಕುತ್ತಿದ್ದಳು. ಗೋಡೆ ಹಿಡಿದು ಓಡಾಡಿ, ಅವಳು ಹಿಡಿದಲ್ಲೆಲ್ಲ ಸುಣ್ಣ ಕಪ್ಪಾಗಿತ್ತು. ಆ ಕಪ್ಪು ನನಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ನನಗೆ ಕಾಣುತ್ತಿಲ್ಲವೆಂದು ಯಾರಿಗೂ ಹೇಳಲಿಲ್ಲ.

ಸೊಸೆಗೆ ಗೊತ್ತಾಗಿತ್ತು. ಸಾಲೆಯಲ್ಲಿ ಕಣ್ಣಿನ ತಪಾಸಣೆ ಇಟ್ಟಾಗ ಬೆನ್ನು ಹತ್ತಿದಳು.

“ಸೂಜಿಗೆ ದಾರ ಪೋಣಸಾಕ ದಿನಾ ನನ್ನ ಕರೀತೀರಿ. ಇವತ್ತ ನಾ ಕರೀತೀನಿ, ನಡೀರಿ ಅತ್ತಿ.”

“ನಿನ್ನ ಮಾರಿ ಕಾಣತೈತಿ. ಕಣ್ಣಿಗೆ ಅಷ್ಟ ಬ್ಯಾನಿ ಸಾಕ.”

ಎಳೆದುಕೊಂಡೇ ಹೋದಳು.

ಪಾಳಿಯಲ್ಲಿ ನನ್ನ ಮುಂದೆ ಆರು ಮಂದಿ. ಗೋಡೆಯ ಮೇಲಿನ ಹಾಳೆಯ ಅಕ್ಷರಗಳನ್ನು ಒಬ್ಬೊಬ್ಬರೂ ಗಟ್ಟಿಯಾಗಿ ಓದುತ್ತಿದ್ದರು. ನಾನು ಮೂರನೇ ಇಯತ್ತೆ ಕಲಿತವಳು. ಅಕ್ಷರ ಬರುತ್ತಿದ್ದವು, ಕಾಣುತ್ತಿರಲಿಲ್ಲ. ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಕುರುಡು ಎಂಬ ಮಾತು ಯಾರ ಬಾಯಿಂದಲೂ ಬರಬಾರದು, ಅಷ್ಟೇ ನನಗೆ ಬೇಕಿತ್ತು.

ತಪಾಸಣೆ ಮಾಡುವ ಹುಡುಗಿ ನನ್ನ ಬಲಗಣ್ಣು ಮುಚ್ಚಿಸಿದಳು. ನಾನು ಎಲ್ಲ ಸಾಲು ಒದರಿಬಿಟ್ಟೆ.

“ಆಯಿ, ನಾ ಇನ್ನೂ ಬಟ್ಟ ಮಾಡಿ ತೋರಿಸೇ ಇಲ್ರಿ.”

ಹಿಂದಿನವರು ನಕ್ಕರು. ಅವಳು ಹಾಳೆ ತಿರುವಿ ಹಾಕಿದಳು. ಆ ಬದಿಯಲ್ಲಿ ಅಕ್ಷರವಿರಲಿಲ್ಲ. ಮೂರು ಹಲ್ಲಿನ ಬಾಚಣಿಕೆಯಂಥ ಗುರುತುಗಳು. ಹಲ್ಲು ಯಾವ ಕಡೆಗಿವೆ ಎಂದು ಕೈಯಿಂದ ತೋರಿಸಬೇಕು. ಮೇಲಿನ ದೊಡ್ಡದಷ್ಟೇ ತೋರಿಸಿದೆ. ಕೆಳಗೆಲ್ಲ ಹೊಗೆ.

“ಯವ್ವಾ, ನಮ್ಮವ್ವ ಕುರುಡಿ ಆಗಿ ಸತ್ತಾಳ. ನಂದೂ ಅದ ಏನ, ಹೇಳಿಬಿಡು.”

ಅವಳು ತೆರೆದಿದ್ದ ಕಣ್ಣಿನ ಮುಂದೆಯೂ ಒಂದು ಕಪ್ಪು ಬಿಲ್ಲೆ ಹಿಡಿದಳು. ಎಲ್ಲ ಕತ್ತಲಾಯಿತು.

“ನಡುವ ಸಣ್ಣ ತೂತ ಐತಿ. ಅದರಾಗ ನೋಡ್ರಿ. ಗಡಬಡ ಮಾಡಬ್ಯಾಡ್ರಿ.”

ತೂತು ಸಿಕ್ಕಿತು. ಬಾಚಣಿಕೆಯ ಹಲ್ಲುಗಳು ಒಂದೊಂದೇ ಬೇರೆಯಾದವು. ಕೆಳಗಿನ ಮೂರು ಸಾಲು ತೋರಿಸಿದೆ. ಇನ್ನೊಂದು ಕಣ್ಣಿಗೂ ಹಾಗೇ ಆಯಿತು.

“ತೂತಿನಾಗ ಚಲೋ ಕಾಣತೈತಿ ಅಂದ್ರ ಕಣ್ಣಿಗೆ ಚಾಳೀಸು ಹಾಕ್ಕೊಂಡ್ರೂ ಕಾಣತೈತ್ರಿ. ನಿಮ್ಮವ್ವಂದು ಬ್ಯಾರೆ ಇರಬೇಕು.”

ಒಳಗಿದ್ದ ಡಾಕ್ಟರರೂ ನೋಡಿ ಹಾಗೇ ಅಂದರು. ಚಾಳೀಸು ಬರಲು ಎಂಟು ದಿನ ಬೇಕಿತ್ತು. ಅಷ್ಟು ದಿನ ಬರೀ ಮಾತು ನಂಬಿ ಕೂರುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಬೀಡಿ ಎಲೆಗೆ ಸೂಜಿ ಚುಚ್ಚಿದೆ. ಹೊಸ್ತಿಲಲ್ಲಿ ನಿಂತು ಆ ತೂತಿನಿಂದ ಎದುರು ಮನೆಯ ಮೇಲಿನ ಸಾಲಿನ ಹೆಂಚು ಎಣಿಸಿದೆ, ಮೊದಲು ಒಂದು ಕಣ್ಣಿಂದ, ಆಮೇಲೆ ಇನ್ನೊಂದರಿಂದ. ಎರಡೂ ಸಲ ಲೆಕ್ಕ ಒಂದೇ ಬಂತು. ತೂತು ಬಿದ್ದ ಎಲೆ ಬೀಡಿಗೆ ಬರುವುದಿಲ್ಲ. ಅದನ್ನು ಒಗೆಯದೆ, ನಾಳೆಗೆಂದು ಮೊರದ ಅಂಚಿಗಿಟ್ಟು, ಬೇರೆ ಎಲೆ ಕತ್ತರಿಸಲು ಕೂತೆ.