ಡಾಕ್ಟರಿಗೆ ನಾನು ಹೇಳಿದ ಹೊತ್ತು

ಇದನ್ನು ಬರೆಯುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ. ವನಜಾ ಆಸ್ಪತ್ರೆಯಿಂದ ಬರಲಿ ಎಂದೆ. ಆಮೇಲೆ ಮತ್ತೆ ನಡೆಯಲು ಕಲಿಸುವ ರಿಹ್ಯಾಬ್ ಮುಗಿಯಲಿ ಎಂದೆ. ಈಗ ಎರಡೂ ಮುಗಿದಿವೆ.

ಕೇಳಿದವರಿಗೆಲ್ಲ ಒಂದೇ ಮಾತು ಹೇಳಿಕೊಂಡು ಬಂದಿದ್ದೇನೆ. ಮೆಲ್ಬರ್ನ್‌ನಲ್ಲಿ ನನ್ನ ಹೆಂಡತಿಗೆ ಸ್ಟ್ರೋಕ್ ಆಯಿತು, ನಾವು ಉಳಿದುಕೊಂಡಿದ್ದ ಮನೆಯವರು ಆಂಬುಲೆನ್ಸ್ ಕರೆಯುವುದನ್ನು ತಡ ಮಾಡಿದರು ಎಂದು.

ಅದು ಸುಳ್ಳು.

ನಾವಿಬ್ಬರೂ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮಗಳು ಸೌಮ್ಯಳ ಜೊತೆ ಇದ್ದೇವೆ. ನಾನು ಹಾಸನದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದವನು, ಓದಿದ್ದು ಎಸ್ಸೆಸ್ಸೆಲ್ಸಿ. ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ವನಜಾ ಕೇಳಿದಾಗಲೆಲ್ಲ ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಮೊಮ್ಮಕ್ಕಳ ಸ್ಕೂಲು ಎಂದೆ. ಕೊನೆಗೆ ಹೋದ ಚಳಿಗಾಲದಲ್ಲಿ ಸೌಮ್ಯಳೇ ಮೆಲ್ಬರ್ನ್‌ಗೆ ಒಂದು ವೀಕೆಂಡ್ ಟಿಕೆಟ್ ಬುಕ್ ಮಾಡಿದಳು.

"ಅಪ್ಪ, ಅಮ್ಮನ್ನ ಟ್ರ್ಯಾಮಲ್ಲಿ ಸುತ್ತಿಸ್ಕೊಂಡು ಬಾ. ಅಲ್ಲೂ ಹೋಗಿ ಯೂಟ್ಯೂಬ್ ನೋಡ್ಕೊಂಡು ಕೂತ್ಕೋಬೇಡ" ಎಂದಳು.

ಉಳಿದುಕೊಂಡದ್ದು ಮೆಲ್ಬರ್ನ್ ಹೊರವಲಯದ ವಿಂಡಮ್ ವೇಲ್‌ನಲ್ಲಿ, ವನಜಳ ತಂಗಿಯ ಮಗಳ ಮನೆಯಲ್ಲಿ. ಸ್ಟೂಡೆಂಟ್ ಆಗಿ ಬಂದು, ಇಲ್ಲೇ ನೆಲೆಸಲು ಪಿಆರ್ ಪಡೆದವಳು. ಗಂಡ ಕೆಲಸದ ಮೇಲೆ ಪರ್ತ್‌ಗೆ ಹೋಗಿದ್ದ. ಮಕ್ಕಳಿಲ್ಲ. ಏರ್‌ಪೋರ್ಟಿಗೆ ತಾನೇ ಕಾರು ತಂದಿದ್ದಳು. ವನಜಾ ಹೊಸ ಸೀರೆ ಉಟ್ಟಿದ್ದಳು. ತಂಗಿಯ ಮಗಳು ಅವಳ ಗಲ್ಲ ಹಿಡಿದು, "ದೊಡ್ಡಮ್ಮ, ನಿಮಗೆ ವಯಸ್ಸೇ ಆಗಲ್ವಾ? ದೊಡ್ಡಪ್ಪನ್ನ ನೋಡಿದ್ರೆ ನಿಮ್ಮಪ್ಪ ಅಂತಾರೆ" ಎಂದು ನಕ್ಕಳು. ವನಜಳೂ ಬಹಳ ನಕ್ಕಳು. ನನಗೆ ಹಿಡಿಸಲಿಲ್ಲ.

ಶನಿವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ವನಜಳ ಕೈಯಿಂದ ಲೋಟ ಜಾರಿತು. ಬಾಯಿಯ ಬಲ ಮೂಲೆಯಿಂದ ಕಾಫಿ ಇಳಿಯಿತು. ಏನೋ ಹೇಳಲು ಹೋದಳು. ಮಾತು ತೊದಲಿತು.

"ದೊಡ್ಡಪ್ಪ, ಬಾಯಿ ಒಂದ್ ಕಡೆ ಹೋಗಿದೆ ನೋಡಿ. ಟ್ರಿಪಲ್ ಝೀರೋಗೆ ಫೋನ್ ಮಾಡಿ ಆಂಬುಲೆನ್ಸ್ ಕರಸ್ತೀನಿ."

"ಸುಮ್ನಿರಮ್ಮ. ದೃಷ್ಟಿ ಆಗಿದೆ, ಅಷ್ಟೇ. ಉಪ್ಪು, ಮೆಣಸಿನಕಾಯಿ ಎಲ್ಲಿಟ್ಟಿದೀಯ?"

ಅವಳು ಫೋನ್ ಹಿಡಿದೇ ನಿಂತಳು. ನಾನೇ ಹುಡುಕಿ ತೆಗೆದು, ವನಜಳಿಗೆ ನೀವಾಳಿಸಿ, ಬಾಣಲೆಗೆ ಹಾಕಿ ಸ್ಟವ್ ಹಚ್ಚಿದೆ. ಹೊಗೆ ಎದ್ದಿತು. ಛಾವಣಿಯಲ್ಲಿದ್ದ ಸ್ಮೋಕ್ ಅಲಾರಂ ಕಿರುಚಲು ಶುರುಮಾಡಿತು. ಅವಳು ಕುರ್ಚಿ ಹತ್ತಿ ಟವೆಲ್ ಬೀಸುತ್ತ ಕೆಮ್ಮುತ್ತಿದ್ದಳು. ನಾನೂ ಕೆಮ್ಮುತ್ತಿದ್ದೆ. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದರು. ಮೂವರ ಕಣ್ಣಲ್ಲೂ ನೀರು ಬರುವಷ್ಟು ಘಾಟಿತ್ತು. ನಾನು ನಂಬಿದ್ದ ಲೆಕ್ಕದಲ್ಲೂ ಅದು ದೃಷ್ಟಿಯಲ್ಲ. ಅದು ನನಗೆ ಆಗಲೇ ಹೊಳೆಯಿತು. ಆದರೂ ಒಪ್ಪಿಕೊಳ್ಳಲಿಲ್ಲ.

ಕುರ್ಚಿಯಿಂದ ಇಳಿದವಳೇ ಅವಳು ಮತ್ತೆ, "ಫೋನ್ ಮಾಡ್ಲಾ ದೊಡ್ಡಪ್ಪ?" ಎಂದಳು.

"ಮಕ್ಕಳಿಲ್ಲದ ಮನೆಗೆ ಹೊಸ ಸೀರೆ ಉಟ್ಕೊಂಡು ಬಂದ್ರೆ ಕಣ್ಣು ಬೀಳ್ದೇ ಇರುತ್ತಾ" ಎಂದೆ.

ಅವಳು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಅಷ್ಟರಲ್ಲಿ ವನಜಾ ಎರಡು ಮಾತು ಆಡಿದಳು. ಬಾಯಿಯೂ ತುಸು ಸರಿಯಾದಂತೆ ಕಂಡಿತು. ನಾನು ಗೆದ್ದೆ ಅನ್ನಿಸಿತು. ಅವಳನ್ನು ಮಲಗಿಸಿದೆ. ನಿದ್ದೆ ಮಾಡಲಿ, ಯಾರೂ ಎಬ್ಬಿಸಬೇಡಿ ಎಂದು ತಾಕೀತು ಮಾಡಿದೆ. ಟ್ರ್ಯಾಮಿಗೆ ಭಾನುವಾರ ಹೋದರಾಯಿತು ಎಂದುಕೊಂಡೆ.

ಮಧ್ಯಾಹ್ನ ಎಷ್ಟೋ ಹೊತ್ತಿನ ಮೇಲೆ ಕೋಣೆಯಿಂದ ತಂಗಿಯ ಮಗಳು ಕೂಗಿದ್ದು ಕೇಳಿಸಿತು. ವನಜಾ ಕಣ್ಣು ಬಿಟ್ಟಿದ್ದಳು. ಮಾತಿರಲಿಲ್ಲ. ಬಲಗೈ ಎತ್ತಿದರೆ ಬೀಳುತ್ತಿತ್ತು. ಈ ಸಲ ಅವಳು ನನ್ನನ್ನು ಕೇಳಲಿಲ್ಲ, ತಾನೇ ಫೋನ್ ಮಾಡಿದಳು. ಆಂಬುಲೆನ್ಸ್ ಬೇಗನೇ ಬಂತು.

ಎಮರ್ಜೆನ್ಸಿಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, ಇವರು ಕೊನೆಯ ಸಲ ಪೂರ್ತಿ ಸರಿಯಾಗಿದ್ದದ್ದು ಯಾವಾಗ ಎಂದು. ರಕ್ತದ ಗಡ್ಡೆ ಕರಗಿಸುವ ಔಷಧಿ ಇದೆ, ಶುರುವಾದ ಕೆಲವು ಗಂಟೆಯೊಳಗೆ ಮಾತ್ರ ಕೊಡಬಹುದು ಎಂದರು. ನನಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ಬೆಳಿಗ್ಗೆ ಎಂದರೆ ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಔಷಧಿಯೂ ಇಲ್ಲವೆನ್ನುತ್ತಾರೆ.

"ಲಂಚ್ ಟೈಮ್. ಶೀ ವಾಸ್ ಫೈನ್" ಎಂದೆ.

"ಇಲ್ಲ ಡಾಕ್ಟರ್" ಎಂದು ಹಿಂದಿನಿಂದ ತಂಗಿಯ ಮಗಳ ದನಿ ಬಂತು. ಬೆಳಿಗ್ಗೆ ಕಾಫಿ ಕುಡಿಯುವಾಗಲೇ ಬಾಯಿ ವಾರೆಯಾಗಿತ್ತು, ಲೋಟ ಬಿದ್ದಿತ್ತು ಎಂದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಮೆಣಸಿನಕಾಯಿಯ ಸುದ್ದಿ ಮಾತ್ರ ಎತ್ತಲಿಲ್ಲ. ಡಾಕ್ಟರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಸ್ಕ್ಯಾನ್ ಆಯಿತು. ಹೊತ್ತು ಮೀರಿದೆ, ಈಗ ಕೊಡುವಂತಿಲ್ಲ ಎಂದರು.

ಹೊರಗೆ ಬಂದು ಅವಳ ಮೇಲೆ ಹರಿಹಾಯ್ದೆ. "ನೀನು ಬಾಯಿ ಮುಚ್ಕೊಂಡು ಇದ್ದಿದ್ರೆ ಔಷಧಿ ಕೊಡ್ತಿದ್ರು. ವನಜಾ ಇನ್ನು ಮಾತಾಡದೇ ಹೋದ್ರೆ ಅದು ನಿನ್ನಿಂದ."

"ದೊಡ್ಡಪ್ಪ, ಹೊತ್ತು ತಪ್ಪು ಹೇಳಿದ್ರೆ..."

"ದೊಡ್ಡಪ್ಪ ಅನ್ಬೇಡ ನನ್ನ."

ಆಮೇಲೂ ಅವಳು ದಿನಾ ಬಂದಳು. ವನಜಳ ತಲೆ ಬಾಚಿದಳು, ಸೌಮ್ಯ ಸಿಡ್ನಿಯಿಂದ ಬಂದಾಗ ಅವಳಿಗೂ ಊಟ ತಂದಳು. ಅವಳು ಬಂದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಸಿಡ್ನಿಗೆ ಬಂದ ಮೇಲೆ ಇಲ್ಲಿನ ಡಾಕ್ಟರ್ ಹಳೆಯ ರಿಪೋರ್ಟ್ ನೋಡುತ್ತ ಒಂದು ವಿಷಯ ಹೇಳಿದರು. ಅಷ್ಟು ತಡವಾದ ಮೇಲೆ ಆ ಔಷಧಿ ಕೊಟ್ಟಿದ್ದರೆ ಮಿದುಳಿನಲ್ಲಿ ರಕ್ತಸ್ರಾವ ಆಗುವ ಭಯವಿತ್ತು, ಜೀವವೇ ಹೋಗಬಹುದಿತ್ತು ಎಂದರು. ಸೌಮ್ಯ ನನ್ನ ಕಡೆ ತಿರುಗಿದಳು.

"ಸರಿಯಾದ ಟೈಮ್ ಹೇಳಿದ್ದು ಒಳ್ಳೇದಾಯ್ತು ಅಂತಿದ್ದಾರೆ ಅಪ್ಪ. ನೀನೇ ತಾನೆ ಹೇಳಿದ್ದು?"

ಹೂಂ ಎಂದೆ.

ಆ ಹೂಂ ನನ್ನನ್ನು ಮಲಗಲು ಬಿಡುವುದಿಲ್ಲ. ದೃಷ್ಟಿ ತೆಗೆದದ್ದು ನನ್ನ ತಿಳಿಗೇಡಿತನ ಎನ್ನಬಹುದು. ಡಾಕ್ಟರಿಗೆ ಸುಳ್ಳು ಹೇಳಿದ್ದು ಹೆದರಿಕೆ ಎನ್ನಬಹುದು. ಮಗಳೆದುರು ಹೂಂ ಎಂದಾಗ ನನಗೆ ಎಲ್ಲವೂ ತಿಳಿದಿತ್ತು, ಹೆದರಬೇಕಾದದ್ದೂ ಏನೂ ಉಳಿದಿರಲಿಲ್ಲ.

ವನಜಾ ಈಗ ವಾಕರ್ ಹಿಡಿದು ನಡೆಯುತ್ತಾಳೆ. ಎಡಗೈಯಲ್ಲಿ ಊಟ ಮಾಡಲು ಮೊದಮೊದಲು ನಾಚುತ್ತಿದ್ದಳು, ಈಗ ಇಲ್ಲ. ನೀರು, ಸಾಕು, ಬಾ ಎನ್ನುತ್ತಾಳೆ. ಒಮ್ಮೊಮ್ಮೆ ನನ್ನನ್ನು ಬೈಯುವಷ್ಟು ಮಾತೂ ಬರುತ್ತದೆ. ಅಷ್ಟು ಸಿಕ್ಕಿದ್ದಕ್ಕೆ ದೇವರಿಗೆ ಕೈ ಮುಗಿಯುತ್ತೇನೆ. ಹೆಚ್ಚು ಕೇಳುವ ಮುಖ ನನಗಿಲ್ಲ.

ಸ್ಪೀಚ್ ಥೆರಪಿಗೆಂದು ಸೌಮ್ಯ ಮನೆಯವರ ಫೋಟೋಗಳನ್ನು ಪ್ರಿಂಟ್ ಮಾಡಿಸಿದ್ದಾಳೆ. ದಿನಾ ಒಂದೊಂದನ್ನೇ ತೋರಿಸಿ ಹೆಸರು ಹೇಳಿಸಬೇಕು. ಅದು ನನ್ನ ಕೆಲಸ. ಒಂದು ಫೋಟೋವನ್ನು ಮೊದಲ ದಿನವೇ ತೆಗೆದು ಬೀರುವಿನಲ್ಲಿ ಇಟ್ಟುಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಅದನ್ನು ತಂದು ವನಜಳ ಮುಂದಿಟ್ಟೆ. ಅವಳ ಮುಖ ಅರಳಿತು. ಎಡಗೈಯಿಂದ ಫೋಟೋದ ಗಲ್ಲ ಮುಟ್ಟಿದಳು. ತುಟಿ ಕೂಡಿಸಿದಳು, ಬಿಟ್ಟಳು. ಹೆಸರು ಬರಲಿಲ್ಲ. ಹೇಳಿಕೊಡು ಎನ್ನುವಂತೆ ನನ್ನನ್ನೇ ನೋಡಿದಳು.

ಫೋಟೋದಲ್ಲಿದ್ದ ಆ ತಂಗಿಯ ಮಗಳಿಗೆ ನಾನು ಇನ್ನೂ ಫೋನ್ ಮಾಡಿಲ್ಲ. ಸೌಮ್ಯಳಿಗೂ ಹೇಳಿಲ್ಲ. ಈ ಕಾಗದ ಮೊದಲು ಸೌಮ್ಯಳ ಕೈಗೆ ಹೋಗುತ್ತದೆ. ಆದರೆ ಆಸ್ಪತ್ರೆಯ ಆ ದಿನದಿಂದ ಇಲ್ಲಿಯವರೆಗೆ ನನ್ನ ಬಾಯಿಂದ ಬಾರದಿದ್ದ ಆ ಹೆಸರನ್ನು ವನಜಳಿಗೆ ಬಿಡಿಸಿ ಬಿಡಿಸಿ ಹೇಳಿಕೊಟ್ಟೆ.

ಮಂಜುಳಾ.