ಹುಳಕ್ಕೆ ಉಳಿಸಿದ ಸೊಪ್ಪು

ನಮ್ಮಮ್ಮನ ಮನೆಯಲ್ಲಿ ನಾವು ಒಂದು ಒಳ್ಳೆಯ ಮಾವಿನಹಣ್ಣು ತಿಂದದ್ದೇ ಇಲ್ಲ. ಹಣ್ಣಿಗೇನೂ ಬರವಿರಲಿಲ್ಲ. ಸೋದರಮಾವ ವರ್ಷಕ್ಕೆ ಎರಡು ಬುಟ್ಟಿ ತಂದು ಯಳಂದೂರಿನ ನಮ್ಮ ಮನೆಯಲ್ಲಿ ಇಳಿಸಿ ಹೋಗುತ್ತಿದ್ದರು. ಅಮ್ಮ ದಿನಾ ಬೆಳಿಗ್ಗೆ ಬುಟ್ಟಿಯನ್ನೆಲ್ಲ ತಡಕಿ, ಕೊಳೆಯಲು ಶುರುವಾದದ್ದನ್ನು ಮಾತ್ರ ಆರಿಸಿ, ಕೆಟ್ಟದ್ದನ್ನು ಕೊಯ್ದು ಮಿಕ್ಕಿದ್ದನ್ನು ನಮಗೆ ಹಂಚುತ್ತಿದ್ದಳು. ಚೆನ್ನಾಗಿರೋದು ನಾಳೆಗಿರಲಿ ಅಂತ. ನಾಳೆ ಹೊತ್ತಿಗೆ ಅದಕ್ಕೂ ಕೊಳೆ ಹತ್ತಿರುತ್ತಿತ್ತು. ಹೀಗೆ ಬುಟ್ಟಿ ತಳ ಕಾಣುವವರೆಗೂ ಕೊಳೆತದ್ದನ್ನೇ ತಿಂದೆವು! ಅಮ್ಮನನ್ನು ಆಡಿಕೊಳ್ಳುವುದಕ್ಕೆ ಇದನ್ನು ಹೇಳುತ್ತಿಲ್ಲ. ಗಂಡ ಸತ್ತ ಮೇಲೆ ನಾಲ್ಕು ಮಕ್ಕಳನ್ನು ಸಾಕಿದವಳು, ಕೈ ಬಿಗಿ ಹಿಡಿದದ್ದಕ್ಕೇ ನಾವು ಉಳಿದುಕೊಂಡೆವು. ಆ ಬಿಗಿ ನನ್ನ ಕೈಗೂ ಬಂದಿತ್ತು, ಅಷ್ಟೇ.

ನನ್ನನ್ನು ಧನಗೆರೆಗೆ ಕೊಟ್ಟರು. ಕೊಳ್ಳೇಗಾಲದ ಕಡೆಯೆಲ್ಲ ಮದರಾಸಿನಿಂದ ಮೈಸೂರಿಗೆ ಸೇರಿ ಏಳೆಂಟು ವರ್ಷ ಆಗಿತ್ತು. ಆದರೂ ನಮ್ಮೂರಿನವರು 'ಮದರಾಸಿಗೆ ಕೊಟ್ರಾ?' ಅಂತಲೇ ಕೇಳುತ್ತಿದ್ದರು. ಅತ್ತೆಯ ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು. ಗದ್ದೆ, ಕಬ್ಬು ಗಂಡಸರದ್ದು, ಹುಳ ಹೆಂಗಸರದ್ದು. ಗೂಡು ಮಾರಿ ಬಂದ ದುಡ್ಡು ಅತ್ತೆಯ ಕೈಗೇ ಬರಬೇಕು, ಅದನ್ನು ಯಾಕೆ ಏನು ಅಂತ ನನ್ನ ಗಂಡ ಕೇಳುವ ಹಾಗಿರಲಿಲ್ಲ. ಅತ್ತೆ ಖರ್ಚು ಮಾಡುವುದನ್ನು ನೋಡಿ ನನಗೆ ಎದೆ ಧಸಕ್ಕೆನ್ನುತ್ತಿತ್ತು. ಸಾರಿಗೆ ಎಣ್ಣೆ ಸುರಿದರೆ ಮೇಲೆ ತೇಲಬೇಕು. ಬಳೆಗಾರ ಬಂದರೆ ಕೂಲಿಗೆ ಬಂದ ಹೆಂಗಸರಿಗೂ ಕೈತುಂಬ ಬಳೆ. ಈ ಮನೆ ಇನ್ನೆಷ್ಟು ದಿನ ನಿಂತೀತು ಅಂತ ನಾನು ಒಳಗೊಳಗೇ ಕುದಿಯುತ್ತಿದ್ದೆ.

ಆ ವರ್ಷ ನನ್ನ ನಾದಿನಿಗೆ ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್‌ಗೆ ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ಲು, ನಾಲ್ಕು ಒಳ್ಳೆಯ ಸೀರೆ, ಎಲ್ಲವೂ ಆ ಸಲದ ಗೂಡಿನಿಂದಲೇ ಆಗಬೇಕು. ನನ್ನ ಗಂಡನಿಗೆ ತಂಗಿಯನ್ನು ಓದಿಸುವ ಮನಸ್ಸಿರಲಿಲ್ಲ. ಹನೂರಿನ ಕಡೆಯಿಂದ ಒಂದು ಗಂಡು ಬಂದಿತ್ತು. "ಈ ಬೆಳೇಲಿ ಆದ್ರೆ ಓಗ್ಲಿ, ಆಗ್ದಿದ್ರೆ ಮದ್ವೆ ಮಾಡ್ಬುಡುವ" ಅಂದಿದ್ದರು. ಹುಡುಗಿ ಅವತ್ತಿನಿಂದ ಹುಳದ ತಟ್ಟೆಗಳ ಮುಂದೆಯೇ ಕುಳಿತಿರುತ್ತಿದ್ದಳು.

ರೇಷ್ಮೆಹುಳ ನಾಲ್ಕು ಸಲ ಉಣ್ಣುವುದನ್ನು ಬಿಟ್ಟು ಮಲಗಿ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅದರ ಹಸಿವು ಹೇಳತೀರದು. ಸರಿಯಾಗಿ ಆ ಹೊತ್ತಿಗೇ ಅಜ್ಜೀಪುರದಲ್ಲಿದ್ದ ಅತ್ತೆಯ ಅಕ್ಕ ಬಿದ್ದು ಸೊಂಟ ಮುರಿದುಕೊಂಡರು. ಗಂಡ ಆಲೆಮನೆಯಲ್ಲಿ ಬೆಲ್ಲ ಕಾಯಿಸುವುದರಲ್ಲಿ ಮುಳುಗಿದ್ದರು. ಅತ್ತೆ ಬಸ್ಸು ಹತ್ತುವ ಮೊದಲು ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ದುಡ್ಡು ಕೊಟ್ಟರು.

"ನಮ್ಮ ತೋಟದ ಸೊಪ್ಪು ಸಾಲಾಕಿಲ್ಲ ಕೂಸೆ. ಪಕ್ಕದ ತೋಟದಲ್ಲಿ ಏಳಿವ್ನಿ, ಕೇಳ್ದಷ್ಟು ತಕಂಡು ಆಕು. ಹುಳ ಹಸ್ಕಂಡಿರಬಾರ್ದು."

ದುಡ್ಡು ಕೈಗೆ ಬಂದದ್ದೇ ನನ್ನ ತಲೆ ಓಡತೊಡಗಿತು. ಇಷ್ಟನ್ನೂ ಉಳಿಸಿ ಅತ್ತೆಯ ಕೈಗೆ ವಾಪಸ್ ಇಟ್ಟರೆ? ಸೊಸೆ ಅಂದರೆ ಹೀಗಿರಬೇಕು ಅಂತ ಊರೇ ಹೊಗಳೀತು! ದಿನಕ್ಕೆ ಐದು ಸಲ ಹಾಕುವ ಸೊಪ್ಪನ್ನು ಮೂರು ಸಲಕ್ಕೆ ಇಳಿಸಿದೆ. ಅದನ್ನೂ ಸಣ್ಣಗೆ ಹೆಚ್ಚಿ ತೆಳ್ಳಗೆ ಉದುರಿಸಿದೆ. ಹುಳಗಳು ಕ್ಷಣದಲ್ಲಿ ತಟ್ಟೆ ಖಾಲಿ ಮಾಡಿ ತಲೆ ಎತ್ತಿ ಆಡಿಸುತ್ತಿದ್ದವು. ನನಗೆ ಮಾತ್ರ ಒಂದೆಲೆಯೂ ದಂಡವಾಗಲಿಲ್ಲ ಅನ್ನುವ ಹೆಮ್ಮೆ. ಎಂಥ ದಡ್ಡಿ ನಾನು! ಜೊತೆಗೆ ತಟ್ಟೆ ಹಿಡಿಯುತ್ತಿದ್ದ ನಾದಿನಿ ನನ್ನ ಕೈಯನ್ನೇ ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

ಅತ್ತೆ ಬರುವ ಹೊತ್ತಿಗೆ ಹುಳ ಗೂಡು ಕಟ್ಟಿ ಮುಗಿಸಿತ್ತು. ನಾನು ಓಡಿಹೋಗಿ ಆ ದುಡ್ಡನ್ನು ಹಾಗೇ ಅವರ ಮುಂದೆ ಹಿಡಿದೆ. ಅವರು ದುಡ್ಡು ನೋಡಲಿಲ್ಲ. ಒಂದು ಗೂಡು ಬಿಡಿಸಿಕೊಂಡು ಎರಡು ಬೆರಳಲ್ಲಿ ಅಮುಕಿದರು. ಅದು ಕಾಗದದ ಹಾಗೆ ಒಳಗೆ ಹೋಯಿತು. ಇನ್ನೊಂದನ್ನು ಅಮುಕಿದರು. ಅದೂ ಹಾಗೇ.

"ನಾನು ಹುಳ ಕೊಟ್ಟೋಗಿದ್ನಲ್ಲವ್ವ ನಿಂಗ," ಅಂದರು, "ದುಡ್ಡು ಕಾಯಿ ಅಂದಿದ್ನಾ?"

ಅಷ್ಟೇ ಅವರು ಅಂದದ್ದು. ಆ ಗೂಡಿಗೆ ಕೊಳ್ಳೇಗಾಲದಲ್ಲಿ ಅರ್ಧ ಬೆಲೆಯೂ ಸಿಗಲಿಲ್ಲ. ನಾನು ಉಳಿಸಿದ್ದನ್ನು ಅದಕ್ಕೆ ಸೇರಿಸಿದರೂ ಫೀಸಿಗೆ ಸಾಲದು. ಸೀಟು ಹೋಯಿತು. ನಾನು ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಊಟದ ಹೊತ್ತಿಗೆ ಗಂಡ ರೇಗಿದರು: "ಏನಾಯ್ತವ್ವ ಬೆಳೆ? ಯಾರ್ ನೋಡ್ಕತಿದ್ರು?" ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ನಂದೇ ತಪ್ಪು. ಇಂಥ ಹೊತ್ನಲ್ಲಿ ಬುಟ್ಟೋಗಬಾರ್ದಿತ್ತು. ಒಂದೊರ್ಸ ತಡಿ ಕಣ್ಲಾ, ಗಂಡು ಎಲ್ಲೂ ಓಡೋಗಲ್ಲ" ಅಂದರು. ಮಗ ಗೊಣಗುತ್ತಾ ಸುಮ್ಮನಾದರು.

ಮುಂದಿನ ಬೆಳೆಗೆ ನನ್ನನ್ನು ಹುಳದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಅಂದುಕೊಂಡಿದ್ದೆ. ಅತ್ತೆ ಮತ್ತೆ ದುಡ್ಡು ನನ್ನ ಕೈಗೇ ಇಟ್ಟು, ತಾವು ಜಗುಲಿಯ ಮೇಲೆ ಕುಳಿತುಬಿಟ್ಟರು. ಪಕ್ಕದ ತೋಟದವಳಿಗೆ ಮೊದಲ ಸಲ ದುಡ್ಡನ್ನು ಎರಡೆರಡು ಸಲ ಎಣಿಸಿ ಕೊಟ್ಟೆ. ತಟ್ಟೆ ತುಂಬ ಸೊಪ್ಪು ಹರಡಿದೆ. ಹುಳ ತಿಂದು ಬಿಟ್ಟ ಮೇಲೂ ಅಲ್ಲಲ್ಲಿ ಎಲೆ ಉಳಿದಿತ್ತು. ಕಾಸು ಕೊಟ್ಟು ತಂದ ಸೊಪ್ಪು! ಹೊಟ್ಟೆ ಉರಿದುಹೋಯಿತು. ಜಗುಲಿಗೆ ಹೋಗಿ ದೂರು ಹೇಳಿದೆ.

ಅತ್ತೆ ನಕ್ಕುಬಿಟ್ಟರು. "ಅಯ್ಯೋ ಪೆದ್ದೆ, ಉಳೀಬೇಕು ಕಣೆ! ತಟ್ಟೆ ಬರಿದಾದ್ರೆ ಅವಕ್ಕೆ ಸಾಕಾಯ್ತೋ ಸಾಲ್ದಾಯ್ತೋ ಎಂಗೆ ಗೊತ್ತಾದದು? ಉಳುದ್ರೇ ಅಲ್ವಾ ಹೊಟ್ಟೆ ತುಂಬ್ತು ಅಂತ ತಿಳಿಯದು? ಉಳ್ದುದ್ದ ಹಸುಗ ಆಕು, ಓಗು."

ಹಸಿ ಸೊಪ್ಪಿಗೆ ಹಸು ನಾಲಿಗೆ ಚಾಚುತ್ತಿದ್ದಾಗ ನನಗೆ ನಮ್ಮ ಮನೆಯ ನಾಲ್ವರು ಮಕ್ಕಳು ಕಣ್ಣಿಗೆ ಕಟ್ಟಿದರು. ನಮ್ಮ ತಟ್ಟೆಯಲ್ಲಿ ಒಂದಗುಳೂ ಉಳಿದದ್ದಿಲ್ಲ. ನಮಗೆ ಯಾವತ್ತಾದರೂ ಸಾಕಾಗಿತ್ತೋ ಇಲ್ಲವೋ, ಅಮ್ಮನಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಅಲ್ಲಿಂದೀಚೆಗೆ ನಾನು ಕಾಸು ಬಿಚ್ಚಲು ಕಲಿತೆ. ಒಂದೇ ದಿನಕ್ಕೆ ಬಂತು ಅಂದರೆ ಸುಳ್ಳಾದೀತು. ಇವತ್ತಿಗೂ ಅಂಗಡಿಯಲ್ಲಿ ಒಮ್ಮೊಮ್ಮೆ ಕೈ ಹಿಂದಕ್ಕೆ ಬರುತ್ತದೆ. ಬೈದು ಮುಂದಕ್ಕೆ ಕಳಿಸುತ್ತೇನೆ.

ಆ ಬೆಳೆಯ ಗೂಡು ಗೋಲಿಯ ಹಾಗೆ ಗಟ್ಟಿಯಾಗಿ ಬಂತು. ಅದರ ನಂತರದ ಬೆಳೆಯೂ ಚೆನ್ನಾಗಿಯೇ ಆಯಿತು. ವರ್ಷ ತುಂಬಿದಾಗ ನಾದಿನಿಗೆ ಮತ್ತೆ ಸೀಟು ಬಂತು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ಕಳಿಸಲು ನಾನೊಬ್ಬಳೇ ಹೋಗಿದ್ದೆ. ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದ್ದಾಯಿತು. ಇನ್ನು ತಡೆಯಲಾಗಲಿಲ್ಲ. ಅವಳ ಕೈ ಹಿಡಿದು ಎಲ್ಲ ಹೇಳಿಬಿಟ್ಟೆ: ನಿನ್ನ ಒಂದು ವರ್ಷ ನುಂಗಿದವಳು ನಾನು, ಅತ್ತೆಯದೇನೂ ತಪ್ಪಿರಲಿಲ್ಲ, ಹುಳವನ್ನು ಹಸಿವಲ್ಲಿ ಕೆಡವಿದೆ ಅಂತ.

ಅವಳ ಕಣ್ಣು ತುಂಬಿತು. "ನಂಗೊತ್ತಿತ್ತು ಅತ್ಗೆ. ತಟ್ಟೆ ಇಡ್ಕಂಡಿದ್ದೋಳು ನಾನೇ ಅಲ್ವಾ? ಸೊಪ್ಪು ಸಾಲ್ದು ಅಂತ ಏಳಕ್ಕ ಬಾಯಿಗೆ ಬಂದಿತ್ತು. ಆ ದುಡ್ಡು ಉಳುದ್ರೆ ನಂಗೊಂದು ವಾಚು ಆಯ್ತದ ಅಂದ್ಕಂಡು ಸುಮ್ಕಾದೆ."

ಕಂಡಕ್ಟರ್ ಸೀಟಿ ಊದಿದ. ಅವಳು ಮೆಟ್ಟಿಲು ಹತ್ತಿ ತಿರುಗಿ ನೋಡಿದಳು.

"ಅವ್ವ ಬಂದು ಗೂಡು ಅಮುಕಿದ್ಲಲ್ಲ, ಅವತ್ತೇ ಅವ್ವಂಗೆ ಏಳ್ಬುಟ್ಟೆ. ಅವ್ವ ಏನಂದ್ಲು ಗೊತ್ತಾ? 'ಇದ ನಿಮ್ಮತ್ಗೆಗೆ ಈಗ್ಲೇ ಏಳಬ್ಯಾಡ. ಅರ್ಧ ತಪ್ಪು ನಿಂದು ಅಂದ್ರೆ ಅರ್ಧ ಅವಳ್ದು ಅಂತಾಯ್ತದ. ಪೂರ್ತಿ ನಾನೇ ಇಟ್ಕತೀನಿ' ಅಂದ್ಲು."