ಅವಳು ಹೇಳುತ್ತಿದ್ದ ಸಿನಿಮಾ

ಗೆಳೆಯರೇ, ಭಾನುವಾರ, ರಾತ್ರಿ ಎಂಟು ಗಂಟೆ. ಮಸ್ಕಿಯ ನಮ್ಮ ಮನೆಯ ಟಿ.ವಿ.ಯಲ್ಲಿ ಇಂದು ಹಳೆಯ ಹಿಂದಿ ಸಿನಿಮಾವೊಂದು ಮತ್ತೆ ಬಂತು. ಎಂದಿನಂತೆ ಓಣಿಯ ಹೆಂಗಸರು ನೋಡಲು ಬಂದರು. ಅವರಿಗೆ ಹಿಂದಿ ಬಾರದು. ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದವಳು ನನ್ನ ಹೆಂಡತಿ. ಅವಳಿಗೂ ಹಿಂದಿ ಅಷ್ಟಕ್ಕಷ್ಟೆ. ಈಗ ಅವಳಿಲ್ಲ. ಶಾಲೆಯಲ್ಲಿ ಕಲಿತ ಉರ್ದು ನೆನಪಿದ್ದುದರಿಂದ ಇಂದು ನಾನೇ ಹೇಳಿದೆ.

ನಾಯಕಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿದಾಗ, "ಸತ್ತಳು" ಎಂದೆ.

ಪಕ್ಕದ ಮನೆಯ ಈರಮ್ಮ ಸಿಟ್ಟಾದಳು. "ಸುಳ್ಳ್ಯಾಕ ಹೇಳಾಕತ್ತೀರಿ ಕಾಕಾ? ಆಕಿ ದಣಿದು ಮಕ್ಕೊಂಡಾಳ. ಎದ್ದು ತವರಿಗೆ ಹೋಗ್ತಾಳ. ಹೋದ ಸಲ ಕಾಕಿನ ಹೇಳಿದ್ಲು."

"ಹೌದವ್ವಾ, ನಂದ ತಪ್ಪು" ಎಂದೆ.

ನನ್ನ ಅಭಿಪ್ರಾಯ ಕೇಳಿದರೆ, ಸಿನಿಮಾಕ್ಕಿಂತ ನನ್ನ ಹೆಂಡತಿಯ ಕಥೆಯೇ ಚೆನ್ನಾಗಿತ್ತು. ನಾಳೆಗೆ ಅವಳು ತೀರಿಕೊಂಡು ಮೂರು ತಿಂಗಳು.